ಮರೆವು ಮತ್ತು ವಾಹನ ಚಾಲನೆ

ಕಣ್ಣು, ಕೈ, ಕಾಲು ನೆಟ್ಟಗಿದ್ದರೆ ವಾಹನ ನಡೆಸಬಹುದೆಂದೇ ನಾನು ತಿಳಿದಿದ್ದೆನು. ಕಳೆದ ವರ್ಷ ನಮ್ಮ ಮುತ್ಯಾ ಭಾಲ್ಕಿಯಿಂದ ಔರಾದಿಗೆ ಮರಳುವಾಗ, ಎಷ್ಟೋ ವರ್ಷ ತಿರುಗಾಡಿದ ಹಾದಿಯನ್ನು ಬಿಟ್ಟು ಜೀಪನ್ನು ಬೀದರಿನ ಕಡೆಗೆ ತಿರುಗಿಸಿದರು. "ಹಾದಿ ತಪ್ಪ್ಯಾದ, ಮುತ್ಯಾ" ಎಂದೆನು. "ನನಗೇ ಹಾದಿ ತೋರಸ್ತೀ ಏನು?" ಎಂದು ಸಿಟ್ಟಾದರು. ಅಂದಿನಿಂದ ಈ ವಿಷಯವನ್ನು ಓದತೊಡಗಿದೆನು.

ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆಯಲ್ಲಿ ಹಳೆಯ ರೂಢಿಗಳು ಬೇಗನೆ ಅಳಿಯುವುದಿಲ್ಲ. ಗೇರು ಬದಲಿಸುವುದು, ಬ್ರೇಕು ಒತ್ತುವುದು ಕೈಕಾಲುಗಳಿಗೆ ನೆನಪಿರುತ್ತದೆ. ಕುಂದುವುದು ಗಮನ ಮತ್ತು ತತ್‌ಕ್ಷಣದ ನಿರ್ಣಯ. ಆದುದರಿಂದ ಬರಿದಾದ ರಸ್ತೆಯಲ್ಲಿ ಚೆನ್ನಾಗಿ ನಡೆಸುವವರು ಕೂಡುರಸ್ತೆಯಲ್ಲಿ ತಡವರಿಸುತ್ತಾರೆ. ತಮ್ಮ ಮರೆವು ತಮಗೇ ತಿಳಿಯದಿರುವುದು ಈ ಕಾಯಿಲೆಯ ದೊಡ್ಡ ತೊಡಕು.

ಲೈಸೆನ್ಸಿಗಾಗಿ ನಾವೇ ಸಹಿ ಮಾಡುವ 1ನೇ ನಮೂನೆಯಲ್ಲಿ ಮೂರ್ಛೆ, ದೃಷ್ಟಿ, ಇರುಳುಗಣ್ಣು, ಕಿವುಡುತನಗಳನ್ನು ಒಂದೊಂದಾಗಿ ಕೇಳಿದೆ. ಮರೆವಿಗೆ ಬೇರೆ ಪ್ರಶ್ನೆಯಿಲ್ಲ. ಅದು "ಇತರ ರೋಗ"ದಲ್ಲಿ ಅಡಗಿದೆ. ಮರೆತವರು ಅದನ್ನು ತಾವಾಗಿ ಬರೆಯುವುದೆಂತು?

ವೈದ್ಯರು ಗಡಿಯಾರದ ಚಿತ್ರ ಬರೆಯಿಸುತ್ತಾರೆ. ಅಂಕಿ-ಅಕ್ಷರಗಳನ್ನು ಒಂದು ಬಿಟ್ಟೊಂದರಂತೆ ಗೆರೆಯಿಂದ ಜೋಡಿಸಲು ಹೇಳುತ್ತಾರೆ. ಆದರೆ ಪೆನ್ಸಿಲು ಹಿಡಿಯದ ನಮ್ಮ ಹಿರಿಯರು ಇದರಲ್ಲಿ ಸೋತರೆ ಅದು ಕಾಯಿಲೆಯ ಗುರುತಲ್ಲ. ಬಹಳ ಓದಿದವರು ಕಾಯಿಲೆಯಿದ್ದೂ ಗೆಲ್ಲಬಹುದು. ಆದ್ದರಿಂದ ಕಾಗದದ ಪರೀಕ್ಷೆಯೊಂದರಿಂದಲೇ ತೀರ್ಪು ಕೊಡಲಾಗದು. ಬಲ್ಲವರು ಪಕ್ಕದಲ್ಲಿ ಕುಳಿತು ನಿಜವಾದ ರಸ್ತೆಯಲ್ಲಿ ನೋಡುವುದೇ ಹೆಚ್ಚು ನಂಬಿಕೆಯ ಮಾರ್ಗ. ಮನೆಯವರ ಸಾಕ್ಷ್ಯವೂ ಬೇಕು: ವಾಹನಕ್ಕೆ ಹೊಸ ತಗ್ಗುಗಳು ಬಿದ್ದಿವೆಯೆ? ಪರಿಚಿತ ಹಾದಿ ತಪ್ಪುತ್ತಿದೆಯೆ? ಅವರ ಪಕ್ಕದಲ್ಲಿ ಮಗುವನ್ನು ಕೂಡ್ರಿಸಲು ನಮ್ಮ ಮನಸ್ಸು ಒಪ್ಪುವುದೆ?

ರೋಗದ ಹೆಸರು ಕೇಳಿದೊಡನೆ ಕೀಲಿಕೈ ಕಸಿಯುವುದೂ ನ್ಯಾಯವಲ್ಲ. ಬ್ರಿಟನ್ನಿನಲ್ಲಿ ಈ ಕಾಯಿಲೆಯನ್ನು ಲೈಸೆನ್ಸು ಇಲಾಖೆಗೆ ತಿಳಿಸಲೇಬೇಕು. ಆರಂಭದ ಹಂತದಲ್ಲಿರುವವರಿಗೆ ಒಂದು ವರ್ಷದ ಲೈಸೆನ್ಸು ಕೊಟ್ಟು ಮತ್ತೆ ಪರೀಕ್ಷಿಸುವುದುಂಟು. ನಮ್ಮ 1988ರ ಮೋಟಾರು ವಾಹನ ಕಾಯಿದೆಯ 16ನೇ ಕಲಮು, ರೋಗದಿಂದ ಅನರ್ಹರಾದವರ ಲೈಸೆನ್ಸನ್ನು ರದ್ದು ಮಾಡುವ ಅಧಿಕಾರ ನೀಡಿದೆ. ಆದರೆ ಮನೆಯವರು ಬಾಯಿ ಬಿಡದಿದ್ದರೆ ಅಧಿಕಾರಿಗೆ ತಿಳಿಯುವುದೆಂತು?

ನಾವೂ ಮೊದಲು ಬಾಯಿ ಬಿಡಲಿಲ್ಲ. ಕೊನೆಗೆ ಬೀದರಿನಲ್ಲಿ ವೈದ್ಯರಿಗೆ ತೋರಿಸಿದೆವು. ಅವರು ಬೇಡವೆಂದ ದಿನ ಮುತ್ಯಾ ಊಟ ಮಾಡಲಿಲ್ಲ. ವಾಹನವೆಂದರೆ ಅವರಿಗೆ ಹೊಲ, ಸಂತೆ, ಗೆಳೆಯರು ಎಲ್ಲವೂ ಆಗಿತ್ತು. ಚಾಲನೆ ಬಿಡಿಸಿದವರ ಮೇಲೆ ಓಡಾಟದ ಹೊಣೆಯೂ ಬೀಳುತ್ತದೆಂದು ಆಗ ಅರಿತೆನು. ಈಗ ಸಂತೆಯ ದಿನ ಜೀಪು ನಡೆಸುವವನು ನಾನು. ಮುತ್ಯಾ ಪಕ್ಕದಲ್ಲಿ ಕುಳಿತು, "ಸಾವಕಾಶ ಹೊಡಿ" ಎನ್ನುತ್ತಾರೆ.