ಜೋಗಿಮಟ್ಟಿಗೆ ಎಷ್ಟು ನೀರು?

ಮಕ್ಕಳೇ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ನಿಮಗೂ ಜೋಗಿಮಟ್ಟಿಯ ಹೆಸರು ಗೊತ್ತಿದ್ದೀತು. ಚಿತ್ರದುರ್ಗದ ಪಕ್ಕದ ಈ ಬೆಟ್ಟ ಸಮುದ್ರ ಮಟ್ಟದಿಂದ ಸುಮಾರು 3,800 ಅಡಿ ಎತ್ತರವಿದೆ. ಇದು ವನ್ಯಜೀವಿ ಧಾಮ. ಆದ್ದರಿಂದ ಮೊದಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅದನ್ನು ಮುಖ್ಯೋಪಾಧ್ಯಾಯರು ನೋಡಿಕೊಳ್ಳಲಿ, ನೀರಿನ ಲೆಕ್ಕ ನಿಮ್ಮದು.

24 ಮಕ್ಕಳು, 2 ಶಿಕ್ಷಕರು ನಡೆದು ಹತ್ತುವುದಾದರೆ ಎಷ್ಟು ನೀರು ಬೇಕು? ಹತ್ತುವಾಗ ಬೆವರುತ್ತೇವೆ. ಬೆವರು ಆರುವಾಗ ಮೈಯ ಶಾಖವನ್ನು ಹೀರಿಕೊಳ್ಳುತ್ತದೆ. ಬೆಟ್ಟದ ಮೇಲೆ ಗಾಳಿ ಜೋರು. ಬೆವರು ಕೂಡಲೇ ಆರಿ, ಬೆವರಿದ್ದೇ ತಿಳಿಯುವುದಿಲ್ಲ. ಬಾಯಾರುವವರೆಗೆ ಕಾಯದೆ ಆಗಾಗ ಕುಡಿಯಬೇಕು.

ಬೆಳಿಗ್ಗೆ ಹೋಗಿ ಸಂಜೆ ಮರಳಲು ಒಬ್ಬರಿಗೆ 2 ಲೀಟರ್ ಇರಲಿ. ಒಟ್ಟು 52 ಲೀಟರ್. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ! ರಾತ್ರಿ ತಂಗಿ ಅಡುಗೆಯನ್ನೂ ಮಾಡುವುದಾದರೆ ಒಬ್ಬರಿಗೆ 5 ಲೀಟರ್ ಎನ್ನಿ, 130 ಕಿಲೋ ಆಯಿತು. 30 ಕಿಲೋ ತೂಕದ ಮಗು ಹೊರಬಹುದಾದದ್ದು ಸುಮಾರು 3 ಕಿಲೋ. 2 ಕಿಲೋ ನೀರಿಗೆ ಹೋದರೆ ಬುತ್ತಿಗೆ ಒಂದೇ ಕಿಲೋ ಉಳಿಯಿತು. ಡೇರೆಯನ್ನು ಯಾರು ಹೊರುತ್ತಾರೆ? ಡೇರೆಯ ಆಸೆಯಿದ್ದರೆ ಹಿಂದಿನ ರಾತ್ರಿ ಶಾಲೆಯ ಅಂಗಳದಲ್ಲೇ ಹಾಕಿ, ಮಜವಾಗಿರುತ್ತದೆ.

ಬೇಸಿಗೆಯಲ್ಲಿ ಬೇಡ. ಒಣಗಿದ ಹುಲ್ಲಿಗೆ ಒಂದು ಕಿಡಿ ಸಾಕು, ಗಾಳಿ ಉಳಿದದ್ದನ್ನು ಮಾಡುತ್ತದೆ. ಡಿಸೆಂಬರ್ ಒಳ್ಳೆಯದು. ಆಗಲೂ ಬೆಂಕಿ ಹಚ್ಚಬಾರದು. ಇಲ್ಲಿ ಕರಡಿಗಳಿವೆ. ಅವುಗಳ ಮೂಗು ಬಹಳ ಚುರುಕು. ಮಿಕ್ಕ ತಿಂಡಿ, ಬಾಳೆಹಣ್ಣಿನ ಸಿಪ್ಪೆ ಕೂಡ ಡಬ್ಬಿಯಲ್ಲೇ ಹಿಂದಿರುಗಲಿ. ಕತ್ತಲಾಗುವ ಮುನ್ನ ಕೆಳಗಿಳಿಯಿರಿ.

ಈ ವಾರ ನಿಮ್ಮ ಪುಸ್ತಕದ ಚೀಲವನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ. ಎಷ್ಟು ಲೀಟರ್ ನೀರಿಗೆ ಸಮ ಎಂದು ಬರೆಯಿರಿ.