ಹಿಮವಿಲ್ಲದ ಊರಿನ ಸ್ಕೀ ಹುಡುಗಿಗೆ

ವಿಜಯನಗರ, ಬೆಂಗಳೂರು

ಪ್ರೀತಿಯ ಮಗಳೇ,

ನಿನ್ನ ಪ್ರಶ್ನೆ ಚಿಕ್ಕದು: “ಬಸವೇಶ್ವರನಗರದವಳು ಕ್ರಾಸ್-ಕಂಟ್ರಿ ಸ್ಕೀಯರ್ ಆಗಬಹುದಾ ಸಾರ್?” ನಿಮ್ಮಪ್ಪನ ಕೋರಿಕೆ ಇನ್ನೂ ಚಿಕ್ಕದು: “ಇವಳಿಗೆ ಸ್ವಲ್ಪ ಬುದ್ಧಿ ಹೇಳಿ ಮೇಷ್ಟ್ರೇ.” ಇಬ್ಬರಿಗೂ ಸೇರಿಸಿ ಈ ಪತ್ರ. ರಷ್ಯನ್ನರ ರೇಸುಗಳನ್ನು ಮೊಬೈಲಿನಲ್ಲಿ ನೋಡಿ ನಿನ್ನಂತೆಯೇ ಹುಚ್ಚು ಹಿಡಿಸಿಕೊಂಡವರು ರಾಜಾಜಿನಗರದಲ್ಲೋ ಕೆಂಗೇರಿಯಲ್ಲೋ ಇನ್ನೂ ಕೆಲವರು ಇರಬಹುದು. ಅವರೂ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಜೀವಮಾನವೆಲ್ಲ ಶಾಲೆಯ ಮೈದಾನದಲ್ಲಿ ಸೀಟಿ ಊದಿದವನು ನಾನು. ಸ್ಕೀ ಕಟ್ಟಿದವನಲ್ಲ. ಆದರೆ ದೂರದ ಓಟ ಎಂಥ ದೇಹವನ್ನು ಕೇಳುತ್ತದೆ, ಎಂಥ ಮನಸ್ಸನ್ನು ಕೇಳುತ್ತದೆ ಎಂಬುದು ಗೊತ್ತು.

ಮೊದಲು ಉತ್ತರ: ಆಗಬಹುದು. ಯಾಕೆಂದರೆ ಕರ್ನಾಟಕದ ಹೆಣ್ಣುಮಗಳೊಬ್ಬಳು ಆಗಲೇ ಆಗಿದ್ದಾಳೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕಾಫಿ ತೋಟಗಳ ಸೀಮೆಯವರು. ಎನ್‌ಸಿಸಿ, ಪರ್ವತಾರೋಹಣದ ತರಬೇತಿ ಎಂದು ಹೋಗಿ ಹಿಮದ ಮೇಲೆ ಕಾಲಿಟ್ಟವರು. ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕದ ಹೆಸರಲ್ಲಿ ಚಿನ್ನ ಗೆದ್ದರು. 2023ರಲ್ಲಿ ಸ್ಲೊವೇನಿಯಾದ ಪ್ಲಾನಿತ್ಸಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಓಡಿದರು, 2025ರಲ್ಲಿ ಚೀನಾದ ಹಾರ್ಬಿನ್‌ನ ಏಷ್ಯನ್ ಚಳಿಗಾಲದ ಕ್ರೀಡಾಕೂಟಕ್ಕೂ ಹೋದರು. ಅದೇ ವರ್ಷ ಚಿಲಿ ದೇಶದ ಕೊರ್ರಾಲ್ಕೊದಲ್ಲಿ 5 ಕಿ.ಮೀ. ಫ್ರೀ ಶೈಲಿಯ ಎಫ್‌ಐಎಸ್ ರೇಸಿನಲ್ಲಿ ಕಂಚು ಗೆದ್ದರು. ನಮಗೆ ಮಳೆಗಾಲವಾಗಿದ್ದಾಗ ಅಲ್ಲಿ ಹಿಮಗಾಲ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ (ಎಫ್‌ಐಎಸ್) ಕ್ರಾಸ್-ಕಂಟ್ರಿ ರೇಸಿನಲ್ಲಿ ಭಾರತದ ಮಹಿಳೆಗೆ ಬಂದ ಮೊದಲ ಪದಕ ಅದು.

ನಮ್ಮ ಪತ್ರಿಕೆಗಳು ಸಾಮಾನ್ಯವಾಗಿ ಇಲ್ಲಿಗೆ ಸುದ್ದಿ ಮುಗಿಸುತ್ತವೆ. ನಿನ್ನ ಪಾಠ ಇಲ್ಲಿಂದ ಶುರುವಾಗುತ್ತದೆ. ಆ ಕಂಚಿನ ಓಟದ ಸಮಯ 21 ನಿಮಿಷ 4.9 ಸೆಕೆಂಡ್. ಪ್ಲಾನಿತ್ಸಾದಲ್ಲಿ ಅಮೆರಿಕದ ಜೆಸ್ಸಿ ಡಿಗಿನ್ಸ್ 10 ಕಿ.ಮೀ. ಫ್ರೀ ಶೈಲಿಯಲ್ಲಿ ಚಿನ್ನ ಗೆದ್ದದ್ದು 23 ನಿಮಿಷ 40.8 ಸೆಕೆಂಡಿನಲ್ಲಿ. ಹಾದಿಯ ಏರಿಳಿತ ಬೇರೆ, ಹಿಮ ಬೇರೆ, ಎರಡನ್ನೂ ನೇರವಾಗಿ ತೂಗಲಾಗದು, ನಿಜ. ಆದರೂ ಎರಡು ಪಟ್ಟು ದೂರಕ್ಕೆ ಎರಡೂವರೆ ನಿಮಿಷ ಮಾತ್ರ ಹೆಚ್ಚು. ಭವಾನಿಯವರನ್ನು ಕುಗ್ಗಿಸಲು ಇದನ್ನು ಹೇಳುತ್ತಿಲ್ಲ. ಹಾದಿಯೇ ಇಲ್ಲದ ಕಡೆ ಹಾದಿ ಮಾಡಿದ ಹುಡುಗಿ ಆಕೆ, ಅವರ ಮುಂದೆ ನಾನು ಕೈಮುಗಿದು ನಿಲ್ಲುತ್ತೇನೆ. ಆದರೆ ಅವರ ಹಿಂದೆ ಹೋಗುವ ನೀನು ಆ ಅಂತರವನ್ನು ಕಣ್ಣುಬಿಟ್ಟು ನೋಡಿಯೇ ಹೊರಡಬೇಕು. “ಭಾರತದ ಮೊದಲ” ಎಂಬ ಬಿರುದುಗಳು ಚಳಿಗಾಲದ ಕ್ರೀಡೆಗಳಲ್ಲಿ ಇನ್ನೂ ಎಷ್ಟೋ ಉಳಿದಿವೆ, ಒಂದಲ್ಲ ಒಂದು ನಿನಗೂ ಸಿಗುತ್ತದೆ. ಅದಕ್ಕೆ ಮಾರುಹೋಗಬೇಡ.

ಈ ಕ್ರೀಡೆಯ ಲೆಕ್ಕವೂ ಮಾರುಹೋಗಲು ಬಿಡುವುದಿಲ್ಲ. ಎಫ್‌ಐಎಸ್ ಪಾಯಿಂಟ್ ನಮ್ಮ ಪರೀಕ್ಷೆಯ ಅಂಕಗಳಿಗೆ ತಿರುಗುಮುರುಗು: ಕಡಿಮೆಯಿದ್ದಷ್ಟೂ ಒಳ್ಳೆಯದು. ಗೆದ್ದವರಿಗಿಂತ ನೀನೆಷ್ಟು ಹಿಂದೆ ಎಂಬುದರ ಮೇಲೆ ಪಾಯಿಂಟ್ ಬರುತ್ತದೆ. ಅದರ ಮೇಲೆ, ಆ ಕೂಟದಲ್ಲಿ ಓಡಿದವರು ಎಷ್ಟು ಬಲಿಷ್ಠರು ಎಂದು ನೋಡಿ ಇನ್ನಷ್ಟು ಸೇರಿಸುತ್ತಾರೆ. ದುರ್ಬಲರ ನಡುವೆ ಮೊದಲು ಬಂದರೂ ಪಾಯಿಂಟ್ ಸೊನ್ನೆಯಾಗದು. ಒಲಿಂಪಿಕ್ಸ್‌ನ ಬಾಗಿಲು ತೆರೆಯುವುದು ಈ ಪಾಯಿಂಟುಗಳಿಂದ. ಆದ್ದರಿಂದ ಗೋಡೆಯ ಮೇಲೆ ಪದಕದ ಚಿತ್ರ ಅಂಟಿಸಬೇಡ. ಗೆದ್ದವಳಿಗಿಂತ ಶೇಕಡಾ ಎಷ್ಟು ಹಿಂದಿದ್ದೆ ಎಂಬುದನ್ನು ಪ್ರತಿ ರೇಸಿನ ನಂತರ ಬರೆದಿಡು. ಆ ಸಂಖ್ಯೆ ಇಳಿಯುತ್ತಿದ್ದರೆ ನೀನು ಬೆಳೆಯುತ್ತಿದ್ದೀಯ.

ನೀನು ಆರಾಧಿಸುವ ರಷ್ಯನ್ನರ ವಿಷಯಕ್ಕೆ ಬರೋಣ. ರಾಯಿಸಾ ಸ್ಮೆತಾನಿನಾ 1976ರಿಂದ 1992ರವರೆಗೆ ಐದು ಒಲಿಂಪಿಕ್ಸ್‌ಗಳಲ್ಲಿ ಓಡಿ ಹತ್ತು ಪದಕ ಗೆದ್ದರು. ಕೊನೆಯ ಚಿನ್ನ ಗೆದ್ದಾಗ ವಯಸ್ಸು 39. ಯೆಲೆನಾ ವ್ಯಾಲ್ಬೆ ದೂರಪೂರ್ವದ ಮಗದಾನ್ ಊರಿನವರು. ಮೊದಲ ವಿಶ್ವ ಪ್ರಶಸ್ತಿ 1989ರಲ್ಲಿ, 20ನೇ ವಯಸ್ಸಿಗೆ. 1997ರಲ್ಲಿ ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ಮಹಿಳೆಯರ ಐದೂ ಸ್ಪರ್ಧೆಗಳ ಚಿನ್ನ ಅವರದೇ. ಒಟ್ಟು ವಿಶ್ವ ಚಾಂಪಿಯನ್‌ಶಿಪ್ ಚಿನ್ನ 14. ಇಂಥವರು ವರ್ಷದಲ್ಲಿ ಅರ್ಧ ಕಾಲ ಹಿಮವಿರುವ ಊರುಗಳಲ್ಲಿ ಬೆಳೆದವರು. ಆ ಬಾಲ್ಯ ನಿನಗೆ ಸಿಗುವುದಿಲ್ಲ. ಅದನ್ನು ನೆನೆದು ಕೊರಗುವುದರಲ್ಲಿ ಅರ್ಥವಿಲ್ಲ. ಅವರಿಂದ ಕಲಿಯಬೇಕಾದದ್ದು ಕಾಲದ ಲೆಕ್ಕ. ಈ ಆಟ ಎರಡು ವರ್ಷದ ಸಾಹಸವಲ್ಲ, ಹದಿನೈದು ವರ್ಷದ ಕಸುಬು.

ಅವರ ಇನ್ನೊಂದು ಗುಟ್ಟು ನಿನಗೆ ಅನುಕೂಲದ್ದು. ಹಿಮದ ದೇಶದವರೂ ಬೇಸಿಗೆಯಲ್ಲಿ ಡಾಂಬರಿನ ಮೇಲೆ ರೋಲರ್ ಸ್ಕೀ ಕಟ್ಟುತ್ತಾರೆ, ಗುಡ್ಡ ಹತ್ತಿ ಓಡುತ್ತಾರೆ. ಉನ್ನತ ಮಟ್ಟದ ಸ್ಕೀಯರ್ ವರ್ಷಕ್ಕೆ 800 ಗಂಟೆಯ ಆಸುಪಾಸು ತಾಲೀಮು ಮಾಡುತ್ತಾಳೆ. ಅದರಲ್ಲಿ ಬಹುಪಾಲು ನಿಧಾನದ್ದು, ಜೊತೆಯವರೊಡನೆ ಮಾತಾಡುತ್ತಾ ಸಾಗಬಹುದಾದಷ್ಟು ನಿಧಾನ. ಅಂದರೆ ಆ ಆಟಕ್ಕೆ ಬೇಕಾದ ಶ್ವಾಸಕೋಶ, ಹೃದಯ, ತೋಳು, ಬೆನ್ನುಗಳನ್ನು ಹಿಮವಿಲ್ಲದೆಯೂ ಕಟ್ಟಬಹುದು. ನಮ್ಮ ಪಶ್ಚಿಮ ಬೆಂಗಳೂರಿನಲ್ಲೂ ಕಟ್ಟಬಹುದು.

ಹೇಗೆ ಎಂದು ಹೇಳುತ್ತೇನೆ. ಮಾಗಡಿ ರಸ್ತೆ, ಮೈಸೂರು ರಸ್ತೆ, ಕಾರ್ಡ್ ರೋಡುಗಳನ್ನು ಮರೆತುಬಿಡು. ರೋಲರ್ ಸ್ಕೀಗೆ ಸಾಮಾನ್ಯವಾಗಿ ಬ್ರೇಕ್ ಇರುವುದಿಲ್ಲ, ನಮ್ಮ ರಸ್ತೆ ಉಬ್ಬುಗಳಿಗೆ ಲೆಕ್ಕವಿಲ್ಲ. ವಾಹನ ಬಾರದ ಒಳರಸ್ತೆಯೋ ಮೈದಾನದ ಸುತ್ತುದಾರಿಯೋ ಅನುಮತಿ ಪಡೆದು ಸಿಕ್ಕರೆ ಮಾತ್ರ, ಹೆಲ್ಮೆಟ್ ಹಾಕಿ ಚಕ್ರ ಕಟ್ಟು. ಉಳಿದ ದಿನ ಓಟ. ಜ್ಞಾನಭಾರತಿಯ ಮರಗಳ ನಡುವಿನ ದಾರಿಗಳು ಬೆಳಗಿನ ಹೊತ್ತು ಓಡುವವರಿಗೆ ವರ. ಏರು ಬೇಕೆಂದರೆ ಕೆಂಗೇರಿಯಿಂದ ಆಚೆ ತುರಹಳ್ಳಿ ಕಾಡಿದೆ. ಎರಡು ಕೋಲು ಹಿಡಿದು ಏರಿನಲ್ಲಿ ದೊಡ್ಡ ಹೆಜ್ಜೆ ಹಾಕಿ ಓಡು. ನೋಡಿದವರು ನಕ್ಕಾರು, ನಗಲಿ. ಜಗತ್ತಿನ ಸ್ಕೀಯರುಗಳೆಲ್ಲ ಮಾಡುವ ತಾಲೀಮು ಅದು. ಕೆಲವು ಜಿಮ್‌ಗಳಲ್ಲಿ ಈಗ ಸ್ಕೀ ಎರ್ಗ್ ಯಂತ್ರವೂ ಬಂದಿದೆ, ತೋಳಿಗೆ ಅದು ಒಳ್ಳೆಯದು. ಜ್ಞಾನಭಾರತಿ ಆವರಣದಲ್ಲೇ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವೂ ಇದೆ. ಅಲ್ಲಿ ಸ್ಕೀ ಕಲಿಸುವುದಿಲ್ಲ, ಆದರೆ ದೇಶದ ಹಾಕಿ ತಂಡಗಳ ಶಿಬಿರ ಅಲ್ಲಿ ನಡೆಯುತ್ತದೆ. ದೇಶಕ್ಕೆ ಆಡುವ ಹುಡುಗಿಯರು ದಿನಕ್ಕೆ ಎಷ್ಟು ಬೆವರುತ್ತಾರೆಂದು ಬಲ್ಲವರನ್ನು ಕೇಳಿ ತಿಳಿ.

ನೀನು ಚಕ್ರದ ಸ್ಕೇಟ್ ಮೇಲೆ ಬೆಳೆದವಳು. ಅದು ಫ್ರೀ ಶೈಲಿಗೆ ನೆರವಾಗುತ್ತದೆ, ಅಲ್ಲೂ ಪಕ್ಕಕ್ಕೆ ತಳ್ಳಿ ಜಾರುವುದೇ ಇದೆ. ಕ್ಲಾಸಿಕ್ ಶೈಲಿ ಬೇರೆ. ಕೊರೆದ ಜೋಡಿ ಗೆರೆಗಳೊಳಗೆ ಸ್ಕೀ ನೇರವಾಗಿ ಸಾಗಬೇಕು. ಏರಿನಲ್ಲಿ ಹಿಂದಕ್ಕೆ ಜಾರದಂತೆ ಸ್ಕೀಯ ನಡುಭಾಗಕ್ಕೆ ಮೇಣ ಹಚ್ಚಬೇಕು, ಆ ದಿನದ ಹಿಮದ ತಾಪ, ತೇವ ನೋಡಿ ಮೇಣ ಆರಿಸಬೇಕು. ದೋಸೆಯ ಕಾವಲಿ ಕಾದಿದೆಯೋ ಇಲ್ಲವೋ ಎಂದು ನಿಮ್ಮಜ್ಜಿ ನೀರು ಚಿಮುಕಿಸಿ ತಿಳಿಯುವ ಹಾಗೆ ಹಿಮವನ್ನು ಮುಟ್ಟಿ ತಿಳಿಯುವ ವಿದ್ಯೆ ಅದು. ಅದಕ್ಕೆ ಗುಲ್ಮಾರ್ಗ್‌ಗೆ ಹೋಗಲೇಬೇಕು, ವರ್ಷವರ್ಷವೂ ಹೋಗಬೇಕು. ಹೋದರೂ ಹಿಮ ಕಾದು ಕೂತಿರುತ್ತದೆಂಬ ಭರವಸೆಯಿಲ್ಲ. 2025ರ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನಲ್ಲಿ ಸಾಕಷ್ಟು ಹಿಮ ಬೀಳದೆ ಖೇಲೋ ಇಂಡಿಯಾ ಸ್ಪರ್ಧೆಗಳನ್ನೇ ಮಾರ್ಚ್‌ಗೆ ಮುಂದೂಡಿದರು.

ಈಗ ನಿಮ್ಮಪ್ಪ ಕೇಳಬೇಕಾದ ಮಾತು: ಹೊಟ್ಟೆಪಾಡು. 2010ರಲ್ಲಿ ವ್ಯಾಂಕೂವರ್‌ನಲ್ಲಿ ಓಡಿದ ತಾಶಿ ಲುಂಡುಪ್, 2018ರಲ್ಲಿ ಪ್ಯಾಂಗ್‌ಚಾಂಗ್‌ನಲ್ಲಿ 15 ಕಿ.ಮೀ. ಓಡಿ 103ನೆಯವರಾದ ಜಗದೀಶ್ ಸಿಂಗ್ – ಭಾರತದ ಕ್ರಾಸ್-ಕಂಟ್ರಿ ಒಲಿಂಪಿಯನ್ನರು ಬೆಟ್ಟದ ಸೀಮೆಯ ಗಂಡಸರು. ಜಗದೀಶ್ ಅವರಂಥವರಿಗೆ ಸೇನೆಯ ಸಂಬಳವಿತ್ತು, ಕಾಲ ಬುಡದಲ್ಲಿ ಹಿಮವಿತ್ತು. ನಿನಗೆ ಎರಡೂ ಇಲ್ಲ. ಆದ್ದರಿಂದ ಡಿಗ್ರಿ ಬಿಡಬೇಡ. ಎನ್‌ಸಿಸಿ ಸೇರು, ಪರ್ವತಾರೋಹಣದ ತರಬೇತಿಗೆ ಅರ್ಜಿ ಹಾಕು. ಆ ದಾರಿ ಭವಾನಿಯವರು ನಡೆದು ತೋರಿಸಿದ್ದು. ಸಾಲ ಮಾಡಿ ಯೂರೋಪಿಗೆ ಹಾರುವ ಮಾತು ಐದು ವರ್ಷ ಎತ್ತಬೇಡ.

ಇನ್ನೊಂದು ಮಾತು ಕಠಿಣವಾಗಿಯೇ ಹೇಳುತ್ತೇನೆ. ವ್ಯಾಲ್ಬೆ 1997ರಲ್ಲಿ ಗೆದ್ದ ಆ ಐದು ಚಿನ್ನಗಳಲ್ಲಿ 5 ಕಿ.ಮೀ. ಓಟದ್ದನ್ನು ಮೊದಲು ಗೆದ್ದವರು ಅವರದೇ ತಂಡದ ಲ್ಯುಬೋವ್ ಯೆಗೊರೋವಾ, ಆರು ಒಲಿಂಪಿಕ್ ಚಿನ್ನಗಳ ಒಡತಿ. ಬ್ರೊಮಾಂಟೇನ್ ಎಂಬ ಉದ್ದೀಪನ ಮದ್ದು ಸಿಕ್ಕು ಅನರ್ಹಗೊಂಡರು. 1998ರ ನಗಾನೊ ಒಲಿಂಪಿಕ್ಸ್‌ನಲ್ಲಿ ಐದು ಪದಕ ಗೆದ್ದ ಲಾರಿಸಾ ಲಾಜುಟಿನಾ 2002ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಡಾರ್ಬೆಪೊಯೆಟಿನ್ ಎಂಬ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಅಲ್ಲಿನ ಪದಕಗಳನ್ನು ಕಳೆದುಕೊಂಡರು. ಅಷ್ಟು ಎತ್ತರಕ್ಕೆ ಹೋದವರ ಹೆಸರಿನ ಪಕ್ಕವೂ ಆ ಮಸಿ ಉಳಿದೇ ಉಳಿಯಿತು. ಜಿಮ್ಮಿನ ಗೆಳೆಯರು ಕೊಡುವ ಪುಡಿ, ಮಾತ್ರೆ, ಇಂಜೆಕ್ಷನ್ ಯಾವುದನ್ನೂ ವೈದ್ಯರಿಗೆ ತೋರಿಸದೆ ಮುಟ್ಟಬೇಡ. ರಾಗಿಮುದ್ದೆ, ಸೊಪ್ಪಿನ ಸಾರು, ಮೊಟ್ಟೆ, ಕಣ್ತುಂಬ ನಿದ್ದೆ ಸದ್ಯಕ್ಕೆ ಸಾಕು.

ಎಲ್ಲ ಸರಿಯಾಗಿ ಮಾಡಿದರೂ ಕೆಲವು ಸಂಗತಿ ನಮ್ಮ ಕೈಯಲ್ಲಿರುವುದಿಲ್ಲ. ನಿನ್ನ ಆರಾಧ್ಯ ರಷ್ಯನ್ ಸ್ಕೀಯರ್ ಅಲೆಕ್ಸಾಂಡರ್ ಬೊಲ್ಶುನೋವ್ 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಸೇರಿ ಐದು ಪದಕ ಗೆದ್ದರು. ಆಗ ವಯಸ್ಸು 25. ಮರುತಿಂಗಳೇ, ಉಕ್ರೇನ್ ಮೇಲಿನ ಯುದ್ಧದ ಕಾರಣ, ರಷ್ಯನ್ನರನ್ನು ಅಂತರರಾಷ್ಟ್ರೀಯ ರೇಸುಗಳಿಂದ ಹೊರಗಿಟ್ಟರು. ದೇಹ ಉತ್ತುಂಗದಲ್ಲಿದ್ದ ವರ್ಷಗಳು ಸ್ವದೇಶದ ಕೂಟಗಳಲ್ಲೇ ಕಳೆದವು. ಯುದ್ಧ ಕಸಿಯುವ ಬದುಕುಗಳ ಮುಂದೆ ಇದು ಸಣ್ಣ ನಷ್ಟ. ಆದರೂ ಆಟಗಾರ್ತಿಯಾಗಿ ನೀನು ತಿಳಿದಿರಬೇಕು: ಕಾಲು, ಉಸಿರು, ಶಿಸ್ತು ನಿನ್ನವು, ಅವಕಾಶ ನಿನ್ನದಲ್ಲ. ಪದಕವೊಂದನ್ನೇ ನಂಬಿ ಬದುಕು ಕಟ್ಟಿದರೆ ಅದು ಬೇರೆಯವರ ಕೈಯಲ್ಲಿರುತ್ತದೆ.

ನಿಮ್ಮಪ್ಪನಿಗೆ ನನ್ನ ತೀರ್ಪು ಇಷ್ಟು: ಹುಡುಗಿಯನ್ನು ತಡೆಯಬೇಡಿ, ಮೂರು ವರ್ಷ ಕೊಡಿ. ಸ್ಕೀ ಕೈಗೂಡದಿದ್ದರೂ ಆ ಮೂರು ವರ್ಷ ಕಟ್ಟಿದ ದೇಹ ದೂರದ ಓಟಕ್ಕೆ, ಸೈಕ್ಲಿಂಗ್‌ಗೆ, ಪರ್ವತಕ್ಕೆ ಒದಗುತ್ತದೆ. ನಿನಗೆ ಹೇಳುವುದು ಇಷ್ಟು: ಒಲಿಂಪಿಕ್ಸ್‌ನ ಕ್ರಾಸ್-ಕಂಟ್ರಿ ಸ್ಕೀಯಿಂಗ್‌ನಲ್ಲಿ ಭಾರತದ ಹೆಣ್ಣುಮಗಳೊಬ್ಬಳೂ ಇನ್ನೂ ಓಡಿಲ್ಲ. ಭವಾನಿಯವರೇ ಮೊದಲು ಓಡಿದರೆ ಸಂತೋಷಪಡು, ಅವರ ಹಿಂದೆ ಎರಡನೆಯವಳಾಗಲು ನಾಚಬೇಡ. ಒಬ್ಬಳು ಓಡಿದರೆ ಸುದ್ದಿ, ಇನ್ನೊಬ್ಬಳು ಬಂದರೆ ಪರಂಪರೆ. ನಾಳೆಯಿಂದಲೇ ಶುರುಮಾಡು. ಮುಂದಿನ ಯುಗಾದಿಯ ಹೊತ್ತಿಗೆ ನಿನ್ನ 10 ಕಿ.ಮೀ. ಓಟದ ಸಮಯವನ್ನು ನನಗೆ ಬರೆದು ಕಳಿಸು. ಮುಂದಿನ ಮಾತು ಆಮೇಲೆ ಆಡೋಣ.

ಇಂತಿ,
ನಿನ್ನ ಮೇಷ್ಟ್ರು