ಟ್ರಾಲಿಗೂ ಬ್ರೇಕು ಬೇಕು: ಖರ್ಚಿನ ಲೆಕ್ಕ

ಟ್ರ್ಯಾಕ್ಟರ್ ಕೊಳ್ಳುವಾಗ ಎಷ್ಟು ಎಚ್‌ಪಿ ಎಂದು ಕೇಳದ ರೈತ ನಮ್ಮ ಕಲಬುರಗಿ ಜಿಲ್ಲೆಯಲ್ಲಿ ಸಿಗಲಾರ. ಎಷ್ಟು ಟನ್ ಎಳೀತದ, ಡೀಸೆಲ್ ಎಷ್ಟು ಕುಡೀತದ, ಲಿಫ್ಟ್ ಎಷ್ಟು ಎತ್ತತದ ಎಂದು ಬಿಡಿಸಿ ಬಿಡಿಸಿ ಕೇಳುತ್ತಾರೆ. ಹಿಂದೆ ಕಟ್ಟಿದ ಟ್ರಾಲಿ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬ ಪ್ರಶ್ನೆ ಮಾತ್ರ ಶೋರೂಮಿನಲ್ಲೂ ಬರುವುದಿಲ್ಲ, ಟ್ರಾಲಿ ಮಾಡುವ ವೆಲ್ಡಿಂಗ್ ಅಂಗಡಿಯಲ್ಲೂ ಬರುವುದಿಲ್ಲ. ನಮ್ಮ ಮನೆತನದಲ್ಲಿ ಹೊಸ ಟ್ರಾಲಿಯ ಮಾತು ಬಂದಾಗ ನಾವು ಆ ಪ್ರಶ್ನೆಯಿಂದಲೇ ಶುರು ಮಾಡಿದೆವು. ಆಗ ಕಲಿತದ್ದನ್ನು ಹಣದ ಲೆಕ್ಕದೊಂದಿಗೆ ಇಲ್ಲಿ ಇಡುತ್ತಿದ್ದೇನೆ.

ಕಮಲಾಪುರದ ಕಡೆ ಹೊಲ ನೋಡಿಕೊಳ್ಳುವವನು ನನ್ನ ತಮ್ಮ. ನಾನು ಕಲಬುರಗಿಯ ಕೋಟೆ ಭಾಗದಲ್ಲಿದ್ದು ಮನೆತನದ ಲೆಕ್ಕಪತ್ರ ನೋಡುತ್ತೇನೆ. ಡಿಸೆಂಬರ್‌ನಲ್ಲಿ ತೊಗರಿ ರಾಶಿ ಶುರುವಾದರೆ ಟ್ರಾಲಿಗೆ ಬಿಡುವಿಲ್ಲ. ಹೊಲದಿಂದ ಊರಿಗೆ, ಊರಿನಿಂದ ಹುಮನಾಬಾದ್ ರಸ್ತೆ ಹಿಡಿದು ಕಲಬುರಗಿ ಎಪಿಎಂಸಿಗೆ. ದಾರಿಯಲ್ಲಿ ಹಳ್ಳಗಳತ್ತ ಇಳಿಯುವ ಇಳಿಜಾರುಗಳಿವೆ, ಶಹರ ಹೊಕ್ಕ ಮೇಲೆ ಆಟೋ, ಬೈಕು, ಶಾಲೆ ಮಕ್ಕಳ ಸಂದಣಿ ಇದೆ. ನಾವು ವಿಚಾರಿಸಲು ಹೋದ ಅಂಗಡಿಯ ಮಿಸ್ತ್ರಿ ಅನುಭವಸ್ಥ. ಬ್ರೇಕಿನ ಮಾತು ಎತ್ತಿದಾಗ ಅವರು ಹೇಳಿದ್ದಿಷ್ಟು: “ಟ್ರ್ಯಾಕ್ಟರ್‌ಗೆ ಬ್ರೇಕ್ ಅದಲ್ರೀ ಅಣ್ಣಾರ, ಮತ್ತ ಟ್ರಾಲಿಗಿ ಯಾಕ್ ಬೇಕ್ರಿ? ಯಾರೂ ಹಾಕ್ಸಂಗಿಲ್ಲ.” ಅವರ ಮಾತಿನಲ್ಲಿ ಸುಳ್ಳಿಲ್ಲ. ಈ ಭಾಗದ ರಸ್ತೆಗಳಲ್ಲಿ ಓಡುವ ಬಹುಪಾಲು ಟ್ರಾಲಿಗಳಿಗೆ ತಮ್ಮದೇ ಬ್ರೇಕ್ ಇಲ್ಲ.

ನಿಲ್ಲುವ ದೂರ

ಟ್ರ್ಯಾಕ್ಟರಿನ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಎರಡು ಗಾಲಿಗಳನ್ನು ಮಾತ್ರ ಹಿಡಿಯುತ್ತದೆ. ಟ್ರ್ಯಾಕ್ಟರ್ 2 ಟನ್, ಖಾಲಿ ಟ್ರಾಲಿ ಒಂದೂವರೆ ಟನ್, ಅದರ ಮೇಲೆ 50 ಕ್ವಿಂಟಲ್ ಅಂದರೆ 5 ಟನ್ ತೊಗರಿ ಎಂದಿಟ್ಟುಕೊಳ್ಳಿ. ಒಟ್ಟು ಎಂಟೂವರೆ ಟನ್ ಭಾರವನ್ನು 2 ಟನ್ ಗಾಡಿಯ ಬ್ರೇಕ್ ತಡೆಯಬೇಕು. ಗಂಟೆಗೆ 20 ಕಿ.ಮೀ. ವೇಗದಲ್ಲಿ ಒಳ್ಳೆಯ ಬ್ರೇಕಿರುವ ಒಂಟಿ ಟ್ರ್ಯಾಕ್ಟರ್ ಸುಮಾರು 4 ಮೀಟರಿನಲ್ಲಿ ನಿಲ್ಲುತ್ತದೆ ಎಂದರೆ, ಅದೇ ಬ್ರೇಕಿಗೆ ಈ ಭಾರ ಸೇರಿದಾಗ ಸಮತಟ್ಟು ರಸ್ತೆಯಲ್ಲೇ ಸುಮಾರು 17 ಮೀಟರ್ ಬೇಕು. ಚಾಲಕನ ಕಾಲು ಪೆಡಲ್‌ಗೆ ಹೋಗುವಷ್ಟರಲ್ಲಿ ಓಡುವ ಐದಾರು ಮೀಟರ್ ಇದರ ಮೇಲೆ. 20 ಮೀಟರಿಗೆ 1 ಮೀಟರ್ ಇಳಿಯುವ ರಸ್ತೆಯಲ್ಲಿ ಈ 17 ಮೀಟರ್ ಸುಮಾರು 37 ಆಗುತ್ತದೆ. 10 ಮೀಟರಿಗೆ 1 ಮೀಟರ್ ಇಳಿಯುವ ಕಡೆ ಗಾಡಿ ನಿಲ್ಲುವುದೇ ಇಲ್ಲ. ಬ್ರೇಕ್ ಪೂರ್ತಿ ಒತ್ತಿದರೂ ಟ್ರಾಲಿ ದೂಡುತ್ತಲೇ ಇರುತ್ತದೆ. ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ನಾಲ್ಕು ಪಟ್ಟು.

ಇದು ಕಾಗದದ ಲೆಕ್ಕ. ಟೈರು, ಮಣ್ಣು, ಮಳೆ, ಹಿಚ್ ಮೇಲೆ ಬೀಳುವ ಭಾರ ನೋಡಿ ಅಂಕಿ ಆಚೀಚೆ ಆದೀತು, ಅನುಪಾತ ಬದಲಾಗದು. ಟ್ರಾಲಿಯ ಗಾಲಿಗಳಿಗೂ ಸಾಧಾರಣ ಬ್ರೇಕ್ ಇದ್ದರೆ ಅದೇ ಎಂಟೂವರೆ ಟನ್ ಸಮತಟ್ಟಿನಲ್ಲಿ ಸುಮಾರು 5 ಮೀಟರಿಗೆ ನಿಲ್ಲುತ್ತದೆ. 17 ಮತ್ತು 5ರ ನಡುವಿನ 12 ಮೀಟರಿನಲ್ಲಿ ಒಂದು ಆಟೋ, ಅದರ ಮುಂದೆ ಒಂದು ಬೈಕು, ರಸ್ತೆ ದಾಟುವ ಒಬ್ಬ ಅಜ್ಜಿ ಇರಬಹುದು.

ಎತ್ತಿನ ಬಂಡಿಯ ಕಾಲದ ಹಿರಿಯರು ಇದನ್ನು ಬಲ್ಲರು. ಇಳಿಜಾರಿನಲ್ಲಿ ಎತ್ತುಗಳು ಎಳೆಯುವುದನ್ನು ಬಿಟ್ಟು ನೊಗಕ್ಕೆ ಕುತ್ತಿಗೆ ಕೊಟ್ಟು ಬಂಡಿಯನ್ನು ಹಿಂದಕ್ಕೆ ತಡೆಯುತ್ತಿದ್ದವು. ಅವುಗಳ ತಾಕತ್ತು ನೋಡಿಯೇ ಹೇರು ಹೇರುತ್ತಿದ್ದರು. ಟ್ರ್ಯಾಕ್ಟರ್ ಬಂದ ಮೇಲೆ ನಾವು ಎಂಜಿನ್ನಿನ ತಾಕತ್ತು ನೋಡಿ ಹೇರುತ್ತೇವೆ, ತಡೆಯುವ ತಾಕತ್ತು ನೋಡಿ ಅಲ್ಲ.

ಮೂರು ದಾರಿಗಳು

ನಮ್ಮ ಮುಂದೆ ಮೂರು ಬಗೆಯ ಬ್ರೇಕುಗಳಿದ್ದವು.

ಮೊದಲನೆಯದು ದೂಡಿದಾಗ ತಾನೇ ಹಿಡಿಯುವ ಓವರ್‌ರನ್ ಬ್ರೇಕ್. ಟ್ರ್ಯಾಕ್ಟರ್ ನಿಧಾನವಾದಾಗ ಟ್ರಾಲಿ ಮುಂದಕ್ಕೆ ಒತ್ತುತ್ತದೆ. ಆ ಒತ್ತಡಕ್ಕೆ ಟ್ರಾಲಿಯ ಮೂತಿಯಲ್ಲಿರುವ ಜಾರು ಕೊಳವೆ ಒಳಸರಿದು, ಅದಕ್ಕೆ ಜೋಡಿಸಿದ ರಾಡು ಗಾಲಿಯ ಡ್ರಮ್ಮಿನೊಳಗಿನ ಲೈನರ್‌ಗಳನ್ನು ಅಗಲಿಸುತ್ತದೆ. ಟ್ರ್ಯಾಕ್ಟರಿಗೆ ಯಾವ ಪೈಪು, ವೈರೂ ಬೇಡ, ಯಾವ ಟ್ರ್ಯಾಕ್ಟರಿಗೆ ಕಟ್ಟಿದರೂ ಕೆಲಸ ಮಾಡುತ್ತದೆ. ತೊಂದರೆಗಳೂ ಇವೆ. ಹಿಂದಕ್ಕೆ ತೆಗೆದುಕೊಳ್ಳುವಾಗ ಅದು ಹಿಡಿಯದಂತೆ ತಡೆಯುವ ಕೊಂಡಿ ಇರಬೇಕು. ಉದ್ದದ ಇಳಿಜಾರಿನಲ್ಲಿ ಸದಾ ಒತ್ತಿಕೊಂಡೇ ಇದ್ದು ಡ್ರಮ್ ಕಾಯುತ್ತದೆ. ನಮ್ಮ ಎರೆಮಣ್ಣು, ಧೂಳಿಗೆ ಜಾರು ಕೊಳವೆ ಹಿಡಿದುಕೊಳ್ಳದಂತೆ ಗ್ರೀಸ್ ಹಾಕುತ್ತಿರಬೇಕು.

ಎರಡನೆಯದು ಹೈಡ್ರಾಲಿಕ್. ಟ್ರ್ಯಾಕ್ಟರಿನ ಬ್ರೇಕ್ ಪೆಡಲ್ ಎಷ್ಟು ಒತ್ತುತ್ತೇವೋ ಅಷ್ಟೇ ಪ್ರಮಾಣದಲ್ಲಿ ಟ್ರಾಲಿಯ ಬ್ರೇಕೂ ಹಿಡಿಯುತ್ತದೆ. ಹಿಡಿತ ನಯವಾಗಿರುತ್ತದೆ. ಆದರೆ ಟ್ರ್ಯಾಕ್ಟರಿನಲ್ಲಿ ಇದಕ್ಕೆಂದೇ ಕೊಟ್ಟ ಟ್ರೇಲರ್ ಬ್ರೇಕ್ ವಾಲ್ವ್ ಇದ್ದರೆ ಮಾತ್ರ ಇದು ಸರಿ. ಟ್ರ್ಯಾಕ್ಟರಿನ ಸ್ವಂತ ಬ್ರೇಕಿನ ಲೈನಿಗೆ ವರ್ಕ್‌ಶಾಪಿನಲ್ಲಿ ತೂತು ಕೊರೆದು ಪೈಪು ಜೋಡಿಸಿದರೆ, ಟ್ರಾಲಿಯ ಪೈಪು ಒಡೆದ ದಿನ ಟ್ರ್ಯಾಕ್ಟರಿನ ಬ್ರೇಕೂ ಹೋಗುತ್ತದೆ. ಹಾಗೆ ಉಳಿಸಿದ ಹಣ ಉಳಿತಾಯವಲ್ಲ.

ಮೂರನೆಯದು ಲಾರಿಗಳಲ್ಲಿರುವ ಏರ್ ಬ್ರೇಕ್. ಕಂಪ್ರೆಸರ್, ಗಾಳಿ ಟ್ಯಾಂಕು, ಪೈಪು ಎಲ್ಲ ಬೇಕು. ಖರ್ಚು ಹೆಚ್ಚು, ಟ್ಯಾಂಕಿನಲ್ಲಿ ಕೂಡುವ ನೀರನ್ನು ತಪ್ಪದೆ ಬಿಡಬೇಕು. ಇದರ ಗುಣ ದೊಡ್ಡದು. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ರೈಲಿನ ಏರ್ ಬ್ರೇಕಿಗೆ ಪೇಟೆಂಟ್ ಪಡೆದ. ಆ ಮೊದಲ ವಿಧಾನದಲ್ಲಿ ಗಾಳಿ ಕಳಿಸಿದರೆ ಬ್ರೇಕ್ ಹಿಡಿಯುತ್ತಿತ್ತು, ಪೈಪು ಒಡೆದರೆ ಬ್ರೇಕೇ ಇಲ್ಲ. ಕೆಲವೇ ವರ್ಷಗಳಲ್ಲಿ ಅವನು ಅದನ್ನು ತಿರುಗಿಸಿದ: ಪೈಪಿನಲ್ಲಿ ಗಾಳಿ ತುಂಬಿದ್ದಾಗ ಬ್ರೇಕ್ ಬಿಟ್ಟಿರುತ್ತದೆ, ಗಾಳಿ ಇಳಿದರೆ ಹಿಡಿಯುತ್ತದೆ. ಡಬ್ಬಿ ಕಳಚಿದರೆ ಅದು ತಾನಾಗಿ ನಿಲ್ಲುತ್ತದೆ. ಕಲಬುರಗಿ ಸ್ಟೇಷನ್ನಿನಲ್ಲಿ ಹಾದುಹೋಗುವ ಗೂಡ್ಸ್ ಗಾಡಿಗಳು ಇಂದಿಗೂ ಈ ತತ್ವದ ಮೇಲೆಯೇ ನಿಲ್ಲುತ್ತವೆ. ವರ್ಷವಿಡೀ ಬಾಡಿಗೆ ಹೊಡೆಯುವವರು, ಎರಡು ಟ್ರಾಲಿ ಕಟ್ಟಿ ಕಬ್ಬು ಸಾಗಿಸುವವರು ಏರ್ ಬ್ರೇಕಿಗೇ ಹಣ ಹಾಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಮೆರಿಕದಲ್ಲಿ ಮನೆಯಂತಹ ದೊಡ್ಡ ಮೋಟಾರ್‌ಹೋಮ್ ಹಿಂದೆ ಸಣ್ಣ ಕಾರನ್ನು ಕಟ್ಟಿಕೊಂಡು ಪ್ರವಾಸ ಹೋಗುವವರೂ ಹಿಂದಿನ ಗಾಡಿಗೆ ಯಾವ ಬ್ರೇಕ್ ಎಂಬ ಇದೇ ಪ್ರಶ್ನೆ ಎದುರಿಸುತ್ತಾರೆ. ಕಾರಿನ ಬ್ರೇಕ್ ಪೆಡಲನ್ನು ಒತ್ತುವ ಪೆಟ್ಟಿಗೆಯೊಂದನ್ನು ಚಾಲಕನ ಸೀಟಿನ ಮುಂದೆ ಇಡಬಹುದು. ಬೇರೆ ಕಾರಿಗೂ ಅದನ್ನೇ ಒಯ್ಯಬಹುದು. ಇಲ್ಲವೇ ಕಾರಿನೊಳಗೆ ಕಾಯಂ ಆಗಿ ಜೋಡಿಸಬಹುದು. ಆರಿಸುವಾಗ ಅವರು ನೋಡುವುದು ಮೂರನ್ನು: ಮುಂದಿನ ಗಾಡಿ ಹಿಡಿದಷ್ಟೇ ಪ್ರಮಾಣದಲ್ಲಿ ಹಿಂದಿನದೂ ಹಿಡಿಯುತ್ತದೆಯೇ, ಕೊಂಡಿ ಕಳಚಿದರೆ ತಾನಾಗಿ ಹಿಡಿಯುತ್ತದೆಯೇ, ಒಂದು ಗಾಡಿಯಿಂದ ಇನ್ನೊಂದಕ್ಕೆ ಬದಲಿಸಬಹುದೇ. ಬ್ರಿಟನ್ನಿನಲ್ಲಿ ಬ್ರೇಕಿಲ್ಲದ ಸಾಮಾನ್ಯ ಟ್ರೇಲರ್‌ಗೆ ಮಿತಿ 750 ಕಿಲೋ, ಅದೂ ಹೇರು ಸೇರಿ. ನಮ್ಮ ಟ್ರಾಲಿ ಖಾಲಿಯಿದ್ದಾಗಲೇ ಅದರ ಎರಡು ಪಟ್ಟು.

ನಾವು ಆರಿಸಿದ್ದು ಓವರ್‌ರನ್ ಬ್ರೇಕ್. ನಮ್ಮದು ಎರಡು ಗಾಲಿಯ ಟ್ರಾಲಿ. ರಾಶಿಯ ಕಾಲಕ್ಕೆ ಅದನ್ನು ಕಾಕಾನ ಮನೆಯ ಟ್ರ್ಯಾಕ್ಟರಿಗೂ ಕಟ್ಟುತ್ತೇವೆ, ಹಾಗಾಗಿ ಒಂದೇ ಟ್ರ್ಯಾಕ್ಟರಿಗೆ ಅಂಟಿದ ವ್ಯವಸ್ಥೆ ನಮಗೆ ಹೊಂದುವುದಿಲ್ಲ. ದಾರಿಯಲ್ಲಿ ಇಳಿಜಾರುಗಳಿದ್ದರೂ ಮಲೆನಾಡಿನ ಘಾಟಿಯಷ್ಟು ಉದ್ದದವಲ್ಲ. ರಾಡು, ಲೈನರ್, ಡ್ರಮ್ಮನ್ನು ಕಮಲಾಪುರದಲ್ಲೇ ರಿಪೇರಿ ಮಾಡಿಸಬಹುದು. ಜೊತೆಗೆ ಎರಡು ಚಿಕ್ಕ ವಸ್ತು ಕೇಳಿ ಹಾಕಿಸಿದೆವು: ಪಿನ್ನು ಮುರಿದರೂ ಟ್ರಾಲಿ ದೂರ ಸರಿಯದಂತೆ ದಪ್ಪ ಸರಪಳಿ, ಆ ಸರಪಳಿಯೂ ಹರಿದರೆ ಟ್ರಾಲಿಯ ಹ್ಯಾಂಡ್‌ಬ್ರೇಕನ್ನು ಎಳೆದು ಹಿಡಿಸುವ ಕೇಬಲ್.

ಹಣದ ಲೆಕ್ಕ

ಬ್ರೇಕಿನ ಬೆಲೆಯನ್ನು ಟ್ರಾಲಿಯ ಬೆಲೆಗೆ ಹೋಲಿಸಿದರೆ ದುಬಾರಿ ಅನಿಸುತ್ತದೆ. ಹೋಲಿಸಬೇಕಾದದ್ದು ಹೇರಿಗೆ. ತೊಗರಿಗೆ 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. 50 ಕ್ವಿಂಟಲ್ ಎಂದರೆ ಒಂದೇ ಹೇರಿನಲ್ಲಿ 4 ಲಕ್ಷ ರೂಪಾಯಿ. ಒಂದು ವರ್ಷದ ದುಡಿಮೆ ಎರಡು ಗಾಲಿಗಳ ಮೇಲೆ ಕೂತಿರುತ್ತದೆ.

ಬ್ರೇಕಿಗೆ ಹೆಚ್ಚುವರಿ 40,000 ರೂಪಾಯಿ ಬಿತ್ತು, ಅದನ್ನೂ ಶೇ 10ರ ಬಡ್ಡಿಯಲ್ಲಿ 5 ವರ್ಷದ ಸಾಲಕ್ಕೆ ಸೇರಿಸಿದಿರಿ ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 850, ಒಟ್ಟು 51,000. ಗ್ರೀಸ್, ಲೈನರ್ ಎಂದು ವರ್ಷಕ್ಕೆ 3,000ದಂತೆ 10 ವರ್ಷಕ್ಕೆ 30,000. ಎರಡೂ ಸೇರಿ 81,000. ಹೊಲ, ಮನೆ, ಸಂತೆ, ಎಪಿಎಂಸಿ ಎಲ್ಲ ಕೂಡಿ ವರ್ಷಕ್ಕೆ 100 ಹೇರು ಎಂದರೆ ಹತ್ತು ವರ್ಷಕ್ಕೆ 1,000 ಹೇರು, ಹೇರಿಗೆ 81 ರೂಪಾಯಿ. 4 ಲಕ್ಷದ ಮಾಲಿಗೆ 81 ರೂಪಾಯಿ! ನಿಮ್ಮ ಅಂಗಡಿಯಲ್ಲಿ ಹೇಳುವ ದರವನ್ನು ಈ ಜಾಗದಲ್ಲಿ ಹಾಕಿ ನೋಡಿ. ದರ ಎರಡು ಪಟ್ಟಾದರೂ ಉತ್ತರ ಬದಲಾಗುವುದಿಲ್ಲ.

ಹಣ ಎಲ್ಲಿಂದ ಎಂದರೆ ಅದಕ್ಕೂ ದಾರಿ ಇದೆ. 2025ರ ಸೆಪ್ಟೆಂಬರ್ 22ರಿಂದ ಕೃಷಿ ಟ್ರ್ಯಾಕ್ಟರಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 7 ಲಕ್ಷ ರೂಪಾಯಿಯ ಟ್ರ್ಯಾಕ್ಟರಿನಲ್ಲಿ ಇದರಿಂದ ಉಳಿಯುವುದು 49,000. ಟ್ರ್ಯಾಕ್ಟರ್, ಟ್ರಾಲಿ ಎರಡನ್ನೂ ಒಟ್ಟಿಗೆ ಕೊಳ್ಳುವವರು ಈ ಉಳಿತಾಯವನ್ನು ಮ್ಯೂಸಿಕ್ ಸಿಸ್ಟಮ್, ಬಣ್ಣದ ಲೈಟುಗಳಿಗೆ ಹಾಕದೆ ಟ್ರಾಲಿಯ ಎಕ್ಸೆಲ್‌ಗೆ ಹಾಕಲಿ. ಬ್ಯಾಂಕು ಸಾಲ ಕೊಡುವುದು ಕೋಟೇಶನ್ ನೋಡಿ; ಬ್ರೇಕ್ ಅದರಲ್ಲೇ ಇದ್ದರೆ ಸಾಲದಲ್ಲೇ ಬರುತ್ತದೆ. ಆಮೇಲೆ ಹಾಕಿಸಿದರಾಯಿತು ಎಂದು ಬಿಟ್ಟರೆ ಬ್ರೇಕ್ ಡ್ರಮ್ ಕೂರದ ಎಕ್ಸೆಲನ್ನೇ ಬದಲಿಸಬೇಕಾಗಿ ಬಂದು ಖರ್ಚು ಬೆಳೆಯುತ್ತದೆ.

ಕಾನೂನಿನ ಲೆಕ್ಕ ಇನ್ನೂ ಭಾರ. 1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಲ್ಲಿ ಟ್ರೇಲರ್ ಕೂಡ ಒಂದು ಮೋಟಾರು ವಾಹನ. ಅಂದರೆ ಟ್ರಾಲಿಗೂ ನೋಂದಣಿ ಬೇಕು, ವಿಮೆಯ ಪಾಲಿಸಿಯಲ್ಲಿ ಅದರ ಹೆಸರೂ ಬರಬೇಕು. ವಿಮೆ ಇಲ್ಲದೆ ಓಡಿಸಿದರೆ ಮೊದಲ ಸಲದ ದಂಡ 2,000, ಮತ್ತೆ ಸಿಕ್ಕರೆ 4,000, ಜೈಲೂ ಆಗಬಹುದು. ಮಿತಿ ಮೀರಿ ಹೇರಿದರೆ 20,000, ಹೆಚ್ಚಿದ ಪ್ರತಿ ಟನ್ನಿಗೆ 2,000. ಇವೆಲ್ಲ ಸಣ್ಣ ಮೊತ್ತ. ಅಪಘಾತದಲ್ಲಿ ಒಬ್ಬರು ಸತ್ತರೆ ಪರಿಹಾರವನ್ನು ಅವರ ವಯಸ್ಸು, ಆದಾಯ, ಅವಲಂಬಿತರನ್ನು ನೋಡಿ ನಿರ್ಧರಿಸುತ್ತಾರೆ, ಅದಕ್ಕೆ ಮೇಲ್ಮಿತಿ ಇಲ್ಲ. ಪಾಲಿಸಿಯ ಷರತ್ತು ಮುರಿದಿದ್ದರೆ, ಉದಾಹರಣೆಗೆ ಕೃಷಿಗೆಂದು ವಿಮೆ ಮಾಡಿಸಿ ಬಾಡಿಗೆಗೆ ಇಟ್ಟಿಗೆ ಹೊತ್ತಿದ್ದರೆ, ವಿಮಾ ಕಂಪನಿ ಪರಿಹಾರ ಕೊಟ್ಟು ಆ ಹಣವನ್ನು ಮಾಲೀಕನಿಂದ ವಸೂಲಿ ಮಾಡುವಂತೆ ಆದೇಶ ಆಗಬಹುದು. ಹಾಗಾದರೆ ಹೊಲ ಮಾರುವ ಪಾಳಿ ಬರುತ್ತದೆ. ಜೀವದ ಬೆಲೆಯನ್ನು ನಾನು ಈ ಲೆಕ್ಕದಲ್ಲಿ ಸೇರಿಸಿಯೇ ಇಲ್ಲ. ಅದಕ್ಕೆ ಅಂಕಿ ಇಲ್ಲ.

ಖರ್ಚಿಲ್ಲದ ಕೆಲಸಗಳು

ಬ್ರೇಕಿಗೆ ಈ ವರ್ಷ ಹಣ ಹೊಂದದವರೂ ಕೆಲವನ್ನು ಇಂದೇ ಮಾಡಬಹುದು. ಟ್ರ್ಯಾಕ್ಟರಿನ ಎಡ ಬಲ ಬ್ರೇಕ್ ಪೆಡಲ್‌ಗಳು ಹೊಲದಲ್ಲಿ ತಿರುಗಲು ಬೇರೆ ಬೇರೆ ಇರುತ್ತವೆ. ಡಾಂಬರು ರಸ್ತೆಗೆ ಬರುವ ಮುಂಚೆ ಎರಡನ್ನೂ ಕೂಡಿಸುವ ಕೊಂಡಿ ಹಾಕಲೇಬೇಕು, ಇಲ್ಲದಿದ್ದರೆ ಒಂದೇ ಗಾಲಿ ಹಿಡಿದು ಟ್ರಾಲಿ ಟ್ರ್ಯಾಕ್ಟರನ್ನು ಅಡ್ಡ ತಿರುಗಿಸಿಬಿಡುತ್ತದೆ. ಇಳಿಜಾರಿಗೆ ಮುಂಚೆಯೇ ಸಣ್ಣ ಗೇರಿಗೆ ಬರಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಬಿಡುವುದು ಎಂಜಿನ್ನಿನ ತಡೆಯನ್ನೇ ಕೈಯಾರೆ ಕಿತ್ತು ಹಾಕಿದಂತೆ. ಕೆಲವು ರೂಪಾಯಿ ಡೀಸೆಲ್‌ಗಾಗಿ ನಾಲ್ಕು ಲಕ್ಷದ ಹೇರನ್ನೂ ಚಾಲಕನನ್ನೂ ಪಣಕ್ಕಿಟ್ಟ ಹಾಗೆ. ಎರಡು ಗಾಲಿಯ ಟ್ರಾಲಿಯಲ್ಲಿ ಭಾರ ಹಿಂದೆ ಹೆಚ್ಚಾದರೆ ಮೂತಿ ಮೇಲೆದ್ದು ಟ್ರ್ಯಾಕ್ಟರಿನ ಹಿಂದಿನ ಗಾಲಿಗಳ ಹಿಡಿತ ತಪ್ಪುತ್ತದೆ, ಆದ್ದರಿಂದ ಚೀಲಗಳನ್ನು ಎಕ್ಸೆಲ್‌ನಿಂದ ತುಸು ಮುಂದಕ್ಕೆ ಹೇರಿ. ಹಿಂದುಗಡೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ.

ನಮ್ಮ ಟ್ರಾಲಿ ಓಡಿಸುವವನು ತಮ್ಮನ ಮಗ. ಬ್ರೇಕ್ ಹಾಕಿಸಿದ ಮೇಲೆ ಅವನು ಹೇಳಿದ್ದು: “ದೊಡ್ಡಪ್ಪ, ಈಗ ಹಿಂದಿಂದ ದೂಡೂದು ನಿಂತದ, ಸ್ಟೇರಿಂಗ್ ಕೈಯಾಗ ಇರ್ತದ.” ಚಾಲಕನಿಗೆ ಸಿಗುವ ಆ ಹಿಡಿತವೇ ನಾವು ಕೊಂಡ ವಸ್ತು. ಊರಿನ ಎರಡು ಮೂರು ಮನೆಯವರು ಬಂದು ನೋಡಿ, ಅಂಗಡಿಯ ಮಿಸ್ತ್ರಿಯನ್ನು ವಿಚಾರಿಸಿದ್ದಾರೆ. ಕೇಳುವವರು ಹೆಚ್ಚಾದರೆ ಮಾಡುವವರ ಕೈ ಪಳಗುತ್ತದೆ, ದರವೂ ಇಳಿಯುತ್ತದೆ.

ಮುಂದಿನ ರಾಶಿಗೆ ಟ್ರಾಲಿ ಮಾಡಿಸುವ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ನನ್ನ ವಿನಂತಿ ಇಷ್ಟೇ. ಕೋಟೇಶನ್ ಕೈಗೆ ಬಂದಾಗ ಟೈರು, ಪಾಟಾ, ತಗಡಿನ ದಪ್ಪದ ಜೊತೆಗೆ ಬ್ರೇಕ್ ಎಂಬ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಮೊದಲು ಅದನ್ನು ಬರೆಸಿ, ಮುಂಗಡ ಆಮೇಲೆ ಕೊಡಿ.